ಬಾಗಿಲಾಚೆಯ ಅಜ್ಜಿಯ ಮೇಲೊಂದು ಆರೋಪ

ನಮ್ಮ ಭಾವನವರು ತಮ್ಮ ಜೀವಮಾನದಲ್ಲಿ ಅಪರಿಚಿತರನ್ನು ದಾರಿ ಕೇಳಿದವರಲ್ಲ. ಇದಕ್ಕೆ ಕಾರಣ ಅಹಂಕಾರವೆಂದು ಬೀದಿಯವರು ಆಡಿಕೊಳ್ಳುವುದುಂಟು, ಅದು ನ್ಯಾಯವಲ್ಲ. ಕಾರಣ ಅವರ ಉದ್ಯೋಗ. ಅವರು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕುಳಿತು, ಅಲ್ಲಿಯೇ ಕೂದಲು ನೆರೆಸಿಕೊಂಡು ನಿವೃತ್ತರಾದವರು. ಕಿಟಕಿಯ ಪಕ್ಕದಲ್ಲಿ ಆಳೆತ್ತರದ ಬೋರ್ಡು. ಯಾವ ಬಸ್ಸು, ಎಷ್ಟು ಹೊತ್ತಿಗೆ, ಯಾವ ಅಂಕಣದಿಂದ ಎಂಬುದೆಲ್ಲ ಅದರ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಬರೆದಿತ್ತು. ಜನ ಆ ಬೋರ್ಡಿಗೇ ಬೆನ್ನು ಒರಗಿಸಿ ನಿಂತು, ಬೋರ್ಡಿನಲ್ಲಿದ್ದುದನ್ನೇ ಅವರನ್ನು ಕೇಳುತ್ತಿದ್ದರು. ಭಾವನವರು ತಲೆಯೆತ್ತದೆ "ಬೋರ್ಡ್ ನೋಡಿ" ಎನ್ನುತ್ತಿದ್ದರು. ಹೀಗೆ ಅವರಿಗೆ 'ಬೋರ್ಡಣ್ಣ' ಎಂಬ ಹೆಸರೂ, ಅದರೊಡನೆ ಒಂದು ಸಿದ್ಧಾಂತವೂ ಅಂಟಿಕೊಂಡವು. ಕಣ್ಣು ಬುದ್ಧಿ ಎರಡೂ ಇದ್ದವನಿಗೆ ಯಾರೂ ಏನನ್ನೂ ವಿವರಿಸಬೇಕಿಲ್ಲ ಎಂಬುದೇ ಆ ಸಿದ್ಧಾಂತ.

ಅದು ಇಷ್ಟು ಕಾಲ ಮುಕ್ಕಾಗದೆ ಉಳಿದದ್ದು ನಮ್ಮ ಅಕ್ಕನಿಂದ. ಮದುವೆಮನೆಗೆ ಹೋದರೆ ಅವಳು ಗಂಡನ ಎಡಗಿವಿಯ ಅಳತೆಯಲ್ಲೇ ನಡೆಯುತ್ತಿದ್ದಳು. "ಕನ್ನಡಕ ಹಾಕ್ಕೊಂಡು ಬರ್ತಿದ್ದಾರಲ್ಲ, ಅವರು ನಿಮ್ಮ ದೊಡ್ಡಪ್ಪನ ಬೀಗರು. ಮಂಡಿ ಆಪರೇಷನ್ ಆಗಿದೆ. ಮೊದಲು ಅದನ್ನ ವಿಚಾರಿಸಿ" ಎಂದು ಪಿಸುಗುಡುತ್ತಿದ್ದಳು. ಭಾವನವರು ಮುಂದೆ ಹೋಗಿ ಗಂಭೀರವಾಗಿ ಮಂಡಿಯನ್ನು ವಿಚಾರಿಸುತ್ತಿದ್ದರು. ಬೀಗರು ಅವರ ಜ್ಞಾಪಕಶಕ್ತಿಗೆ ಬೆರಗಾಗುತ್ತಿದ್ದರು. ಮನೆಗೆ ಮರಳುವ ಹೊತ್ತಿಗೆ ಭಾವನವರೂ ಬೆರಗಾಗಿರುತ್ತಿದ್ದರು.

ನಮ್ಮ ಬಡಾವಣೆಯ ವಾಚನಾಲಯದವರು ವಾರ್ಷಿಕೋತ್ಸವಕ್ಕೆ ಕಥಾಸ್ಪರ್ಧೆ ಏರ್ಪಡಿಸಿದ್ದರು. ತೀರ್ಪುಗಾರರಾಗಲು ಒಪ್ಪಿದ್ದ ಪ್ರಾಧ್ಯಾಪಕರು ಕೊನೆಯ ಗಳಿಗೆಯಲ್ಲಿ ಕೈಕೊಟ್ಟಾಗ ಆ ಪದವಿ ಭಾವನವರನ್ನು ಹುಡುಕಿಕೊಂಡು ಬಂತು. ಅವರ ಅರ್ಹತೆಯೆಂದರೆ, ವಾಚನಾಲಯದ ಪತ್ರಿಕೆಗಳಲ್ಲಿ ತಪ್ಪು ಕಂಡಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕುವ ಅಭ್ಯಾಸ. ಗ್ರಂಥಪಾಲಕರು ಇದನ್ನು ನಿಲ್ಲಿಸಲು ನಾನಾ ಉಪಾಯ ಮಾಡಿ ಸೋತಿದ್ದರು. ಆ ಪೆನ್ಸಿಲನ್ನು ಕಥೆಗಳ ಕಡೆಗೆ ತಿರುಗಿಸಿದರೆ ಪತ್ರಿಕೆಗಳಾದರೂ ಉಳಿದಾವೆಂಬುದು ಅವರ ಎಣಿಕೆ.

ಇಲ್ಲಿ ಓದುಗರಿಗೆ ಒಂದು ಸಂಗತಿಯನ್ನು ತಿಳಿಸಿಬಿಡಬೇಕು. ಇದನ್ನು ಕೊನೆಯವರೆಗೆ ಬಚ್ಚಿಟ್ಟು ಬೆಚ್ಚಿಬೀಳಿಸುವುದು ನಮ್ಮ ಕಾಲದ ಗದ್ಯಪದ್ಧತಿಯಲ್ಲ. ಸ್ಪರ್ಧೆಗೆ ಬಂದ ಕಥೆಗಳಲ್ಲೊಂದು ನಮ್ಮ ಅಕ್ಕನದು. ಅದು ಅವಳು ಬರೆದ ಮೊದಲ ಕಥೆ. ಅದನ್ನು ಸೆರಗಿನಲ್ಲಿ ಮುಚ್ಚಿ ತಂದು ನನ್ನ ಕೈಗಿಟ್ಟು, "ಟೈಪ್ ಮಾಡಿಸಿ ಪೆಟ್ಟಿಗೆಗೆ ಹಾಕಿಬಿಡೋ. ನಿಮ್ಮ ಭಾವನಿಗೆ ಗೊತ್ತಾಗೋದು ಬೇಡ" ಎಂದಳು. ಬಹುಮಾನದ ಆಸೆಯೇ ಎಂದು ಕೇಳಿದೆ. "ಬಹುಮಾನ ಏನೂ ಬೇಡಪ್ಪ. ನಾಲ್ಕು ಜನರ ಮುಂದೆ ಯಾರಾದರೂ ಒಂದು ಸಲ ಓದಿ ಚೆನ್ನಾಗಿದೆ ಅಂದರೆ ಸಾಕು" ಎಂದಳು. ಕಥೆಗಳ ಮೇಲೆ ಹೆಸರು ಇರಕೂಡದೆಂಬ ನಿಯಮವಿದ್ದುದರಿಂದ ಗುಟ್ಟು ಭದ್ರವಾಗಿತ್ತು. ತೀರ್ಪುಗಾರರು ಬದಲಾದ ಸುದ್ದಿ ತಲುಪಿದಾಗ ಅಕ್ಕ ಒಲೆಯ ಮೇಲಿನ ಹಾಲನ್ನು ಮರೆತು ನಿಂತಳು. ಹಾಲು ತನ್ನ ದಾರಿ ಹಿಡಿಯಿತು.

ಕಥೆ ಇಷ್ಟೇ. ಗೃಹಿಣಿಯೊಬ್ಬಳು ಮೆಟ್ಟಿಲ ಕೆಳಗಿನ ಕತ್ತಲ ಕೋಣೆಗೆ ಹಳೆಯ ಬಕೆಟ್ಟು ತರಲು ಹೋಗುತ್ತಾಳೆ. ಗೋಡೆಯಲ್ಲಿ ಎಂದೂ ಕಾಣದಿದ್ದ ಒಂದು ಬಾಗಿಲು ಕಾಣುತ್ತದೆ. ತೆರೆದರೆ ಬೇರೊಂದು ಲೋಕ. ಹೊಸ್ತಿಲಲ್ಲೇ ಒಬ್ಬ ಅಜ್ಜಿ ಬಟಾಣಿ ಬಿಡಿಸುತ್ತ ಕುಳಿತಿದ್ದು, "ಬಾ ಮಗಳೇ" ಎಂದು ಕರೆದು, ಆ ಲೋಕದ ರೀತಿನೀತಿಗಳನ್ನು ಎರಡು ಪುಟ ವಿವರಿಸುತ್ತಾಳೆ. ಉಳಿದ ಸಾಹಸಗಳೆಲ್ಲ ಆಮೇಲಿನವು.

ಭಾವನವರು ಆ ಅಜ್ಜಿಯನ್ನು ದಾಟಿ ಮುಂದಕ್ಕೆ ಹೋಗಲೇ ಇಲ್ಲ.

ವಾಚನಾಲಯದ ಹಿಂದಿನ ಕೋಣೆಯಲ್ಲಿ ಸಮಿತಿ ಸೇರಿತು. ಭಾವನವರಲ್ಲದೆ ಅಲ್ಲಿದ್ದವರು ಗ್ರಂಥಪಾಲಕರು ಮತ್ತು ವಾಚನಾಲಯದ ಅಧ್ಯಕ್ಷರಾದ ಔಷಧದ ಅಂಗಡಿಯವರು. ನಾನು ಪತ್ರಿಕೆ ಓದುವ ನೆಪದಲ್ಲಿ ಕಿಟಕಿಯ ಬಳಿ ಕುಳಿತಿದ್ದೆ.

"ನನಗೆ ಈ ಬಾಗಿಲಿನ ಕಥೆ ಹಿಡಿಸಿತು ಸಾರ್" ಎಂದರು ಔಷಧದ ಅಂಗಡಿಯವರು.

"ಹಿಡಿಸೋದಕ್ಕೇ ಬರೆದಿರೋದು" ಎಂದರು ಭಾವನವರು. "ಈ ಜಾತಿಯ ಕಥೆಗಳನ್ನೆಲ್ಲ ನಾನು ಬಲ್ಲೆ. ಬಾಗಿಲು ತೆಗೆದರೆ ಬೇರೆ ಲೋಕ, ಬಾವಿಗೆ ಬಿದ್ದರೆ ಬೇರೆ ಲೋಕ, ಲಿಫ್ಟಿನಲ್ಲಿ ಇಲ್ಲದ ಗುಂಡಿ ಒತ್ತಿದರೆ ಬೇರೆ ಲೋಕ. ಹೋದ ತಕ್ಷಣ ಅಲ್ಲೊಬ್ಬರು ವಿವರಿಸೋದಕ್ಕೆ ರೆಡಿ. ನಾನು ಕೇಳೋದು ಇಷ್ಟೇ: ಆ ಅಜ್ಜಿಗೆ ಬೇರೆ ಕೆಲಸ ಇಲ್ಲವಾ?"

"ಬಟಾಣಿ ಬಿಡಿಸ್ತಿದ್ದಾಳಲ್ಲ" ಎಂದರು ಗ್ರಂಥಪಾಲಕರು.

"ಅದು ನೆಪ. ಅವಳು ಕೂತಿರೋದು ಬಟಾಣಿಗಲ್ಲ, ಬರೆದವರ ಸೋಮಾರಿತನಕ್ಕೆ. ಆ ಲೋಕವನ್ನ ಕಣ್ಣಿಗೆ ಕಾಣೋ ಹಾಗೆ ಕಟ್ಟಬೇಕು. ಕಟ್ಟೋಕೆ ಬರದಿದ್ದರೆ ಅಜ್ಜಿಯನ್ನ ಕೂರಿಸಿ ಮಾತಾಡಿಸೋದು."

"ಹೊಸಬರಿಗೆ ಹೇಳದೆ ಹೇಗೆ ಗೊತ್ತಾಗಬೇಕು ಸಾರ್? ನಾನೂ ಮಾತ್ರೆ ಕೊಡುವಾಗ ಹೇಳ್ತೀನಿ, ಇದು ಊಟಕ್ಕೆ ಮುಂಚೆ, ಇದು ಊಟ ಆದಮೇಲೆ ಅಂತ."

"ಚೀಟಿ ಮೇಲೆ ಬರೆದಿರಲ್ವಾ?"

"ಬರೆದಿರುತ್ತೆ. ಆದರೂ ಕೇಳ್ತಾರೆ."

"ಹಾಗಾದರೆ ಅವರು ಹುಷಾರಾಗೋದು ಬೇಡ" ಎಂದು ಭಾವನವರು ತೀರ್ಪು ಬರೆದರು. ಬಾಗಿಲಿನ ಕಥೆಗೆ ಸೊನ್ನೆ. ಮೊದಲ ಬಹುಮಾನವು ಬತ್ತಿದ ಕೆರೆಯೊಂದರ ಕಥೆಗೆ ಹೋಯಿತು. ಅದರಲ್ಲಿ ಯಾರೂ ಯಾರಿಗೂ ಏನನ್ನೂ ವಿವರಿಸುತ್ತಿರಲಿಲ್ಲ. ಅದರಲ್ಲಿ ಏನು ನಡೆಯಿತೆಂದು ಗ್ರಂಥಪಾಲಕರು ಕೇಳಿದ್ದಕ್ಕೆ ಭಾವನವರು, "ಅದೇ ಅದರ ಹೆಚ್ಚುಗಾರಿಕೆ" ಎಂದರು.

ಅಂದು ಸಂಜೆ ಅಕ್ಕ ಬೀನ್ಸಿನ ನಾರು ತೆಗೆಯುತ್ತ ಕುಳಿತಿದ್ದಳು. ಭಾವನವರು ಬೆಳಗಿನ ವಾದವನ್ನು ಮೊದಲಿನಿಂದ ಒಪ್ಪಿಸಿದರು.

"ಅಷ್ಟೊಂದು ಕೆಟ್ಟದಾಗಿದೆಯಾ?" ಎಂದು ಅಕ್ಕ ತಗ್ಗಿದ ದನಿಯಲ್ಲಿ ಕೇಳಿದಳು.

"ಕೆಟ್ಟದು ಅಂತ ನಾನು ಹೇಳೋದಿಲ್ಲ. ಸೋಮಾರಿ ಬರವಣಿಗೆ."

ನಮ್ಮ ಅಕ್ಕನಿಗೆ ಈ ಜನ್ಮದಲ್ಲಿ ಹಲವರು ಹಲವು ಮಾತು ಅಂದಿದ್ದಾರೆ. ಅತ್ತೆಯವರು ಒರಟು ಕೈ ಎಂದಿದ್ದರು. ನಾದಿನಿ ನೇರ ನಾಲಿಗೆ ಎಂದಿದ್ದಳು. ಸೋಮಾರಿ ಎಂದು ಶತ್ರುಗಳೂ ಅಂದಿರಲಿಲ್ಲ. ಅವಳು ಕೈಯಲ್ಲಿದ್ದ ಬೀನ್ಸನ್ನು ತಟ್ಟೆಯಲ್ಲಿಟ್ಟಳು.

"ನೀವು ಹೇಳೋದು ಸರಿ ಕಣ್ರೀ" ಎಂದಳು. "ಬುದ್ಧಿ ಇರೋರಿಗೆ ವಿವರಣೆ ಯಾಕೆ? ಇನ್ನುಮೇಲೆ ನಾನೂ ಏನೂ ಹೇಳಲ್ಲ. ನೋಡಿ ತಿಳ್ಕೊಳ್ಳಿ."

ಭಾವನವರು ಇದನ್ನು ತಮ್ಮ ವಾದಕ್ಕೆ ದೊರೆತ ಮೊದಲ ಜಯವೆಂದು ಭಾವಿಸಿ ಸಂತೋಷದಿಂದ ಮಲಗಿದರು.

ಮರುದಿನದಿಂದ ಮನೆಯಲ್ಲಿ ಜಯದ ಫಲಗಳು ಕಾಣತೊಡಗಿದವು. ನಡುವಯಸ್ಸಿನ ಹೆಂಗಸೊಬ್ಬಳು ಬಂದು, "ಅಣ್ಣಾ, ಏಣಿ ತಗೊಂಡು ಹೋಗ್ತೀನಿ" ಎಂದಳು. ಅಣ್ಣನೆಂದು ಕರೆದುದರಿಂದ ಅವಳು ದೂರದ ತಂಗಿಯಾಗಿರಬೇಕೆಂದು ಭಾವನವರು ಊಹಿಸಿ, ಬಾಗಿಲವರೆಗೆ ಬಂದು ಏಣಿಯನ್ನು ಕಳುಹಿಸಿಕೊಟ್ಟರು. ಆ ಏಣಿ ಪಕ್ಕದ ಮನೆಯಿಂದ ಎರವಲು ತಂದದ್ದು; ಹೆಂಗಸು ಆ ಮನೆಯವಳಲ್ಲ. ಅನಂತರ ಚರ್ಮದ ಚೀಲ ಹಿಡಿದ ಗಂಭೀರ ವ್ಯಕ್ತಿಯೊಬ್ಬರು ಬಂದರು. ಚೀಲ, ಗಾಂಭೀರ್ಯ, ಕೈ ತೊಳೆಯಲು ನೀರು ಕೇಳಿದ ರೀತಿ, ಇವನ್ನೆಲ್ಲ ಗಮನಿಸಿ ಅವರು ವೈದ್ಯರೆಂದು ನಿರ್ಣಯಿಸಿದ ಭಾವನವರು ಅಂಗಿ ಬಿಚ್ಚಿ ಕುಳಿತು ಬೆನ್ನಿನ ನೋವನ್ನು ತೋರಿಸಿದರು. ಬಂದವರು ನಲ್ಲಿ ರಿಪೇರಿಯವರು. ಅವರು ಸಂಕೋಚದ ಸ್ವಭಾವದವರಾದ್ದರಿಂದ ಬೆನ್ನನ್ನು ಎರಡು ಕಡೆ ಒತ್ತಿ ನೋಡಿ, ಭಾರ ಎತ್ತಬೇಡಿ ಎಂದು ಹೇಳಿ, ನಲ್ಲಿಯನ್ನು ಮುಟ್ಟದೆ ಹೋದರು.

ಅಕ್ಕ ಇದನ್ನೆಲ್ಲ ಅಡುಗೆಮನೆಯಿಂದ ನೋಡುತ್ತ ತುಟಿ ಬಿಗಿದುಕೊಂಡಿದ್ದಳು. ಸುಮ್ಮನಿರುವುದು ಅವಳಿಗೆ ಸುಖವಾಗಿರಲಿಲ್ಲ. "ಹೊಟ್ಟೆ ಉಬ್ಬರಿಸ್ತಾ ಇದೆ ಕಣೋ" ಎಂದು ನನ್ನ ಬಳಿ ಅಲವತ್ತುಕೊಂಡಳು.

ವಾರ್ಷಿಕೋತ್ಸವದ ದಿನ ಬಂತು. ಸಮಾರಂಭವು ಸಮುದಾಯ ಭವನದ ಮುಂದಿನ ಸಭಾಂಗಣದಲ್ಲಿ ನಡೆಯಬೇಕಾಗಿದ್ದು, ಅಂದು ಬೆಳಿಗ್ಗೆ ಹಿಂದಿನ ಸಭಾಂಗಣಕ್ಕೆ ವರ್ಗವಾಯಿತು. ಮುಂದಿನದನ್ನು ದುಃಖದಲ್ಲಿದ್ದ ಯಾರೋ ಶ್ರದ್ಧಾಂಜಲಿ ಸಭೆಗೆಂದು ತುರ್ತಾಗಿ ಕೇಳಿದ್ದರು. ಗ್ರಂಥಪಾಲಕರು ಈ ಬದಲಾವಣೆಯನ್ನು ಫೋನಿನಲ್ಲಿ ಅಕ್ಕನಿಗೆ ತಿಳಿಸಿದರು. ಭಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಸ್ತಿಲು ದಾಟುವಾಗ ಅಕ್ಕ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದು, "ಅಲ್ಲಿ ಬೋರ್ಡ್ ಇರುತ್ತೆ, ನೋಡ್ಕೊಳ್ಳಿ" ಎಂದಳು.

ಬೋರ್ಡು ಇತ್ತು. ಮುಂದಿನ ಬಾಗಿಲಲ್ಲಿ, ಹಿಂದಿನ ದಿನವೇ ಬರೆದಿಟ್ಟಿದ್ದ 'ವಾಚನಾಲಯದ ವಾರ್ಷಿಕೋತ್ಸವ, ಸ್ವಾಗತ' ಎಂಬ ಅಕ್ಷರಗಳು ಹಾಗೆಯೇ ಉಳಿದಿದ್ದವು. ಅಳಿಸುವವರು ಮರೆತಿದ್ದರು; ದುಃಖದಲ್ಲಿದ್ದವರು ಬೋರ್ಡು ಬರೆಸುವ ಯೋಚನೆ ಮಾಡಿರಲಿಲ್ಲ. ಭಾವನವರು ಬೋರ್ಡನ್ನು ಓದಿ, ಮೆಚ್ಚಿ, ಒಳಗೆ ನಡೆದರು.

ಇಲ್ಲಿಂದ ಸ್ವಲ್ಪ ದೂರದವರೆಗೆ ನಾನು ಸಾಕ್ಷಿಯಲ್ಲ. ಎರಡೂ ಸಭಾಂಗಣಗಳಿಗೆ ಮೈಕು ಒದಗಿಸಿದ್ದವರು ನಮ್ಮ ಬೀದಿಯವರೇ ಆದುದರಿಂದ ವರದಿಯಲ್ಲಿ ಲೋಪವಿಲ್ಲ.

ಭಾವನವರು ಮೊದಲ ಸಾಲಿನಲ್ಲಿ ಕುಳಿತು ಸಭೆಯನ್ನು ಓದತೊಡಗಿದರು. ವೇದಿಕೆಯ ಮೇಲೆ ಹೂಗಳ ನಡುವೆ ಮೀಸೆಯ ಮನುಷ್ಯನ ಭಾವಚಿತ್ರವಿತ್ತು. ಇವರು ವಾಚನಾಲಯದ ಸ್ಥಾಪಕರು. ಯಾರ ಮುಖದಲ್ಲೂ ನಗುವಿರಲಿಲ್ಲ; ಇದು ಸಾಹಿತ್ಯದ ಸಭೆಯ ಲಕ್ಷಣ. ಕೆಲವು ಹೆಂಗಸರು ಕಣ್ಣೊರಸಿಕೊಳ್ಳುತ್ತಿದ್ದರು. ಬಹುಮಾನ ಬಾರದೆಂದು ಸುಳಿವು ಸಿಕ್ಕವರು. ಗಂಡಸರಲ್ಲಿ ಅನೇಕರ ಅಂಗಿಯ ತೋಳುಗಳು, ತುದಿ ಮಡಚಿದ್ದರೂ, ಒಂದು ಉದ್ದ ಒಂದು ಗಿಡ್ಡ. ಲೇಖಕರಿಗೆ ಉಡುಪಿನ ಮೇಲೆ ಗಮನ ಕಡಿಮೆಯೆಂಬುದು ಪ್ರಸಿದ್ಧ. ಒಂದೊಂದು ವಿವರವೂ ಮತ್ತೊಂದಕ್ಕೆ ತಾಳೆಯಾಗುತ್ತಿತ್ತು. ಯಾರೂ ಏನನ್ನೂ ಹೇಳದೆ ಎಲ್ಲವೂ ತಿಳಿಯುತ್ತಿರುವ ಆನಂದದಲ್ಲಿ ಅವರು ಕಾಲ ಮೇಲೆ ಕಾಲು ಹಾಕಿಕೊಂಡರು.

ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕಿ ಕುಳಿತಿದ್ದರು. ಅವರು ತಮ್ಮ ಆಚೆಯ ಹೆಂಗಸಿಗೆ ಏನನ್ನೋ ಹೇಳಲು ಹೊರಟಾಗ ಆಕೆ, "ಅತ್ತೆ, ಅದೆಲ್ಲ ಗೊತ್ತಿರೋದೇ, ಸುಮ್ಮನಿರಿ" ಎಂದರು. ಮುದುಕಿ ಈ ಕಡೆ ತಿರುಗಿ ಭಾವನವರ ಮುಖವನ್ನು ಚೆನ್ನಾಗಿ ನೋಡಿದರು.

"ನಿಮ್ಮನ್ನ ನಾನು ನೋಡಿಲ್ಲ. ನನ್ನ ತಮ್ಮ ನಿಮಗೆ ಗೊತ್ತಾ?"

"ಯಾವ ತಮ್ಮ?"

"ಅವನೇ" ಎಂದು ಮುದುಕಿ ಭಾವಚಿತ್ರದ ಕಡೆ ಕೈ ತೋರಿದರು. "ಹೋದ ವಾರ ತೀರಿಕೊಂಡ."

ಭಾವನವರ ಕಾಲು ತಾನಾಗಿ ಕೆಳಗಿಳಿಯಿತು. ಎದ್ದು ಹೋಗಬೇಕೆಂದರೆ ಮುದುಕಿ ಅವರ ಮುಂಗೈ ಹಿಡಿದಾಗಿತ್ತು.

"ಗೊತ್ತಿಲ್ಲ ಅಲ್ವಾ? ಒಳ್ಳೇದಾಯ್ತು. ಗೊತ್ತಿಲ್ಲದೋರು ಒಬ್ಬರಾದರೂ ಬರಲಿ ಅಂತ ಬೆಳಗಿಂದ ಕಾಯ್ತಾ ಇದ್ದೆ. ಇಲ್ಲಿ ಎಲ್ಲರಿಗೂ ಗೊತ್ತು. ನಾನು ಬಾಯಿ ತೆಗೆದರೆ ಸಾಕು, ಗೊತ್ತು ಗೊತ್ತು ಅಂತಾರೆ. ಯಾರಿಗೆ ಹೇಳಲಿ? ನೀವು ಕೇಳಿ."

ಭಾವನವರು ಕೇಳಿದರು. ಮುದುಕಿಯ ತಮ್ಮ ದರ್ಜಿ. ಮಿತಭಾಷಿ. ಚಿಕ್ಕಂದಿನಲ್ಲಿ ಅವನು ಮಾತಾಡಬೇಕಾದಲ್ಲೆಲ್ಲ ಈಕೆಯೇ ಮಾತಾಡುತ್ತಿದ್ದರು. ಕೊನೆಗಾಲದಲ್ಲಿ ಕಣ್ಣು ಮಂಜಾಯಿತು. ಆದರೂ ಹೊಲಿಯುವುದನ್ನು ಬಿಡಲಿಲ್ಲ.

"ಆ ನೀಲಿ ಶರಟು ನೋಡಿ, ಕಂಬದ ಪಕ್ಕ. ಎಡಗಡೆ ತೋಳು ನಾಲ್ಕು ಬೆರಳು ಉದ್ದ. ಅವರು ಬ್ಯಾಂಕ್ ಮ್ಯಾನೇಜರು, ಅವರಿಗೇನು ಬೇರೆ ಶರಟಿಲ್ವಾ? ಇವನಿಗೆ ಕಣ್ಣು ಕಾಣಲ್ಲ ಅಂತ ಗೊತ್ತಿದ್ದೂ ಬಟ್ಟೆ ಕೊಟ್ಟರು. ಅಲ್ಲಿ ಬಿಳೀದು, ಆ ಕಡೆ ಚೌಕಳಿ, ಎಲ್ಲ ಇವನ ಕೈದೇ. ಯಾರೂ ಒಂದು ದಿನ ಸರಿ ಮಾಡಿಕೊಡು ಅನ್ನಲಿಲ್ಲ. ಇವತ್ತು ಅದನ್ನೇ ಹಾಕ್ಕೊಂಡು ಬಂದಿದ್ದಾರೆ. ಹೇಳಿಸಿ ಮಾಡಿದ್ದಲ್ಲ."

ಭಾವನವರು ಆ ಅಂಗಿಗಳ ಕಡೆ ಎರಡನೆಯ ಸಲ ನೋಡಿದರು. ಮೊದಲ ಸಲ ಕಂಡದ್ದಕ್ಕಿಂತ ಹೆಚ್ಚಿನದೇನೂ ಅಲ್ಲಿರಲಿಲ್ಲ. ಅವೇ ತೋಳುಗಳು.

ಅಷ್ಟರಲ್ಲಿ ತೀರಿಕೊಂಡವರ ಅಳಿಯ ಅವಸರದಿಂದ ಬಂದು ಕೈ ಮುಗಿದರು. "ಮಾವನವರ ಹಳೇ ಗೆಳೆಯರು ನೀವೇ ಅಲ್ವಾ? ದೂರದಿಂದ ಬರ್ತೀರಿ, ತಡವಾಗುತ್ತೇನೋ ಅಂದ್ಕೊಂಡಿದ್ವಿ. ಎರಡು ಮಾತು ಆಡಬೇಕು."

"ನಾನು ಅವರಲ್ಲ" ಎಂದು ಹೇಳಲು ಭಾವನವರು ಬಾಯಿ ತೆರೆದರು. ಮುದುಕಿ ಮುಂಗೈಯನ್ನು ಒತ್ತಿ, "ಹೋಗಿ ಹೇಳಿಪ್ಪಾ. ನಾನು ಹೇಳಿದರೆ ಇವರು ಕೇಳಲ್ಲ" ಎಂದರು.

ಅತ್ತ ಹಿಂದಿನ ಸಭಾಂಗಣದಲ್ಲಿ ತೀರ್ಪುಗಾರರ ಕುರ್ಚಿ ಖಾಲಿಯಾಗಿತ್ತು. ಅಕ್ಕ, "ನಾನು ಹೇಳಿಬಿಡಬೇಕಿತ್ತು ಕಣೋ, ಹೋಗಿ ನೋಡು" ಎಂದು ನನ್ನನ್ನು ಅಟ್ಟಿದಳು. ನಾನು ಮುಂದಿನ ಬಾಗಿಲಲ್ಲಿ ಇಣುಕಿದಾಗ ಭಾವನವರು ಮೈಕಿನ ಮುಂದೆ ನಿಂತು, ವಿಚಾರಣೆ ಕಿಟಕಿಯ ಅದೇ ಏರಿಳಿತವಿಲ್ಲದ ದನಿಯಲ್ಲಿ, ನೀಲಿ ಅಂಗಿ ಯಾರದು, ಬಿಳಿಯ ಅಂಗಿ ಯಾರದು, ಎಡತೋಳು ಯಾವ ವರ್ಷ ಉದ್ದವಾಯಿತು ಎಂಬುದನ್ನು ಸಭೆಗೆ ವಿವರಿಸುತ್ತಿದ್ದರು. ಅಲ್ಲಿದ್ದವರಿಗೆಲ್ಲ ತಿಳಿದಿದ್ದ ವಿಷಯವೇ. ಆದರೂ ಬ್ಯಾಂಕ್ ಮ್ಯಾನೇಜರು ತಮ್ಮ ತೋಳನ್ನು ತಾವೇ ಮೊದಲ ಬಾರಿ ನೋಡಿದವರಂತೆ ನೋಡಿಕೊಂಡರು. ಮಡಚಿಟ್ಟಿದ್ದ ತುದಿಯನ್ನು ಮೆಲ್ಲನೆ ಬಿಚ್ಚಿ ಬೆರಳವರೆಗೆ ಇಳಿಬಿಟ್ಟರು. ಸಾಲು ಸಾಲಾಗಿ ತೋಳುಗಳು ಇಳಿದವು. ಮುದುಕಿ ಒಂದೊಂದು ವಾಕ್ಯಕ್ಕೂ ಹೌದು ಹೌದು ಎಂದು ತಲೆದೂಗುತ್ತಿದ್ದರು.

ನಿಜವಾದ ಹಳೆಯ ಗೆಳೆಯರು ಅಷ್ಟರಲ್ಲಿ ಬಂದು ನನ್ನ ಪಕ್ಕದಲ್ಲೇ ನಿಂತಿದ್ದರು. ಮೂಗು ಒರಸಿಕೊಂಡು, "ನಾವಿಬ್ಬರೂ ಒಂದೇ ಮೆಷಿನ್ನಿನಲ್ಲಿ ಕೆಲಸ ಕಲಿತವರು. ನನಗೇ ಇಷ್ಟು ಗೊತ್ತಿರಲಿಲ್ಲ. ಯಾರಿವರು?" ಎಂದು ಕೇಳಿದರು.

"ನಮ್ಮ ಭಾವ" ಎಂದೆ. ಅದಕ್ಕಿಂತ ಹೆಚ್ಚು ವಿವರಿಸುವ ಧೈರ್ಯವಾಗಲಿಲ್ಲ.

ನಾನು ಅವರನ್ನು ಹಿಂದಿನ ಸಭಾಂಗಣಕ್ಕೆ ಕರೆತರುವ ಹೊತ್ತಿಗೆ ಔಷಧದ ಅಂಗಡಿಯವರು ತೀರ್ಪನ್ನು ಓದಿ ಮುಗಿಸಿದ್ದರು. ಭಾವನವರು ನೇರವಾಗಿ ವೇದಿಕೆ ಹತ್ತಿ, "ತೀರ್ಪು ತಪ್ಪಾಗಿದೆ. ಬಾಗಿಲಿನ ಕಥೆಗೆ ಕೊಡಬೇಕು" ಎಂದರು.

"ಸಾರ್, ನಿಮ್ಮ ತೀರ್ಪೇ ಅಲ್ವಾ ಅದು" ಎಂದು ಔಷಧದ ಅಂಗಡಿಯವರು ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು. "ಬಹುಮಾನದ ಕಪ್ಪು ಕೊಟ್ಟಾಯ್ತು. ಕೆರೆಯ ಕಥೆಯವರು ಅದನ್ನ ಚೀಲಕ್ಕೆ ಹಾಕ್ಕೊಂಡೂ ಆಯ್ತು."

"ಹಾಗಾದರೆ ಕಥೆ ಕೊಡಿ. ಎರಡು ಪುಟ ಓದ್ತೀನಿ."

"ಯಾವ ಎರಡು ಪುಟ?"

"ಅಜ್ಜಿಯದು."

ಗ್ರಂಥಪಾಲಕರು ಹುಡುಕಿ ತಂದುಕೊಟ್ಟರು. ಭಾವನವರು ಕನ್ನಡಕ ಏರಿಸಿ ಓದತೊಡಗಿದರು.

"ಬಾ ಮಗಳೇ, ಕೂತುಕೋ. ಇಲ್ಲಿ ಸಂಜೆಯಾದರೆ ಎಲ್ಲರೂ ತಮ್ಮ ನೆರಳನ್ನು ಮಡಚಿ ಇಡಬೇಕು. ನೆಲದ ಮೇಲೆ ಹಾಗೇ ಬಿಟ್ಟರೆ ಸುಕ್ಕಾಗುತ್ತದೆ. ಬೆಳಿಗ್ಗೆ ಹಾಕಿಕೊಂಡರೆ ನಡಿಗೆ ಸೊಟ್ಟಗಾಗುತ್ತದೆ. ಮಕ್ಕಳ ನೆರಳು ಬೇಗ ಗಿಡ್ಡವಾಗುತ್ತದೆ, ಅದಕ್ಕೆ ಅಂಚಿನಲ್ಲಿ ಸ್ವಲ್ಪ ಒಳಗೆ ಮಡಿಸಿಟ್ಟಿರುತ್ತೇವೆ. ಹೋದವರ ನೆರಳು ಮಾತ್ರ ಯಾರಿಗೂ ಸರಿಹೊಂದುವುದಿಲ್ಲ. ಆದರೂ ಎಸೆಯುವುದಿಲ್ಲ. ಬಿಸಿಲು ಜಾಸ್ತಿಯಾದ ದಿನ ಅದನ್ನು ಅಂಗಳದಲ್ಲಿ ಹರಡಿ, ಅದರಲ್ಲಿ ಕೂತು ಬಟಾಣಿ ಬಿಡಿಸುತ್ತೇವೆ. ನಾನೀಗ ಕೂತಿದ್ದೀನಲ್ಲ, ಇದು ಅದೇ."

ಅಲ್ಲಿಗೆ ಅವರು ನಿಂತು, ಕನ್ನಡಕ ತೆಗೆದು ಒರಸಿ, ಮತ್ತೆ ಹಾಕಿಕೊಂಡು, ಎರಡು ಪುಟವನ್ನೂ ಕೊನೆಯವರೆಗೆ ಓದಿದರು. ಕೆರೆಯ ಕಥೆಯ ಲೇಖಕರೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆಲಿಸುತ್ತಿದ್ದರು.

"ಇದು ಚೆನ್ನಾಗಿದೆ" ಎಂದು ಭಾವನವರು ಮೈಕಿನಲ್ಲಿ ಹೇಳಿದರು. "ಬರೆದವರು ಇಲ್ಲಿದ್ದರೆ ದಯವಿಟ್ಟು ಏಳಬೇಕು."

ನಾನು ಅಕ್ಕನ ಕಡೆ ನೋಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಅರ್ಧ ಎದ್ದು ಕೈ ತೋರಿಸಲು ಹೊರಟಾಗ ಅವಳು ನನ್ನ ಪಾದವನ್ನು ತನ್ನ ಚಪ್ಪಲಿಯ ಹಿಮ್ಮಡಿಯಿಂದ ಅದುಮಿದಳು. "ಕೂತ್ಕೊಳೋ. ಈಗ ಹೇಳಿದರೆ ಹೆಂಡತಿದು ಅಂತ ಓದಿದರು ಅಂತಾರೆ. ಗೊತ್ತಿಲ್ಲದೆ ಓದಿದ್ದಾರಲ್ಲ, ಹಾಗೇ ಇರಲಿ." ಯಾರೂ ಏಳಲಿಲ್ಲ. ಲೇಖಕರು ಸಂಕೋಚದವರಿರಬೇಕೆಂದು ಸಭೆ ನಿರ್ಧರಿಸಿ, ಏಳದಿದ್ದವರಿಗಾಗಿ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಮೆಲ್ಲಗೆ ತಟ್ಟಿದವಳು ಅಕ್ಕ.

ಮನೆಗೆ ಹಿಂದಿರುಗುವಾಗ ಬೀದಿಯ ದೀಪಗಳು ಹೊತ್ತಿದ್ದವು. ಮುಂದೆ ಅವರಿಬ್ಬರು, ನಾಲ್ಕು ಹೆಜ್ಜೆ ಹಿಂದೆ ನಾನು. ಭಾವನವರು ಬೇಕರಿಯ ತಿರುವು ದಾಟಿದ ಮೇಲೆ ನಿಂತರು.

"ಆ ಕಥೆಯಲ್ಲಿ ಅಜ್ಜಿ ಯಾಕೆ ಅಷ್ಟೆಲ್ಲ ಹೇಳ್ತಾಳೆ ಅಂತ ನಿನಗೆ ಗೊತ್ತಾ?" ಎಂದರು.

ಅಕ್ಕ ಅವರ ಎಡಗಡೆಗೆ ಬಂದು, ಹೆಜ್ಜೆಗೆ ಹೆಜ್ಜೆ ಸೇರಿಸಿದಳು.

"ಗೊತ್ತಿಲ್ಲ" ಎಂದಳು. "ಹೇಳಿ."